ಪಾಟೀಲ ಪ್ರಮೇಯ: ಕಳ್ಳಕವಟಗಿ ಕಟ್ಟೆಯ ಆಧಾರದಿಂದ ಒಂದು ಶಾಸ್ತ್ರೀಯ ವಿವೇಚನೆ

ವಿಜಯಪುರ ಜಿಲ್ಲೆಯ ವಿಧಾನಸಭಾ ಚುನಾವಣೆಗಳ ಕುರಿತು ಇದುವರೆಗೆ ಬಂದ ವಿಶ್ಲೇಷಣೆಗಳೆಲ್ಲ ಪಕ್ಷ, ಅಲೆ, ಒಳಪಂಗಡ, ಗ್ಯಾರಂಟಿ ಎಂದು ಅಡ್ಡದಾರಿ ಹಿಡಿದಿವೆ. ಕಣ್ಣೆದುರಿಗಿದ್ದ ಮೂಲಸೂತ್ರ ವಿದ್ವಾಂಸರ ಕೈತಪ್ಪಿತಲ್ಲ ಎಂಬ ವ್ಯಥೆಯಿಂದ ಸಂಶೋಧಕರೊಬ್ಬರು ಟಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಲ್ಲಿ ಕ್ಷೇತ್ರಕಾರ್ಯ ಕೈಗೊಂಡರು. ಕ್ಷೇತ್ರಕಾರ್ಯ ಎಂದರೆ ಕಟ್ಟೆಯ ಮೇಲೆ ಕೂತು ಅರ್ಧ ಕಪ್ ಚಹಾ ಕುಡಿಯುತ್ತ ಕೇಳಿಸಿಕೊಳ್ಳುವುದು. ಮೊದಲ ದಿನವೇ ಒಬ್ಬ ಹಿರಿಯ ಮಾಹಿತಿದಾರರಿಂದ ಸಿಕ್ಕ ಮೂಲಪಾಠ ಹೀಗಿದೆ:

“ಮುಂದಿನ ಸಲ ಯಾರ ಬರ್ತಾರ್ರೀ ಅಜ್ಜಾರ?”

“ಗೌಡ್ರ ಬರ್ತಾರ.”

“ಯಾವ ಗೌಡ್ರು?”

“ಗೆದ್ದಾವ್ರು.”

ಮತಗಟ್ಟೆ ಸಮೀಕ್ಷೆ ಮಾಡುವ ಯಾವ ಸಂಸ್ಥೆಗೂ ದಕ್ಕದ ಕರಾರುವಾಕ್ಕುತನ ಈ ನಾಲ್ಕು ಸಾಲಿನಲ್ಲಿದೆ. ಇಲ್ಲಿ ಗೌಡ್ರು ಎಂದರೆ ಪಾಟೀಲರು; ಗೆಲ್ಲುವವರು ಪಾಟೀಲರೇ ಎಂಬುದೇ ಪ್ರಮೇಯ. ಅಂಕಿಸಂಖ್ಯೆ ನೋಡಿ. ಜಿಲ್ಲೆಯಲ್ಲಿರುವುದು ಎಂಟು ಕ್ಷೇತ್ರ, ರಾಜ್ಯದ ಪಟ್ಟಿಯಲ್ಲಿ 26ರಿಂದ 33. ಇಲ್ಲಿ 2013ರಲ್ಲಿ ಗೆದ್ದ ಪಾಟೀಲರು ನಾಲ್ವರು, 2018ರಲ್ಲಿ ಆರು ಮಂದಿ, 2023ರಲ್ಲಿ ಐವರು. ಬಬಲೇಶ್ವರಕ್ಕೆ ಎಂ.ಬಿ. ಪಾಟೀಲ, ಬಸವನ ಬಾಗೇವಾಡಿಗೆ ಶಿವಾನಂದ ಪಾಟೀಲ, ಇಂಡಿಗೆ ಯಶವಂತರಾಯಗೌಡ ಪಾಟೀಲ, ದೇವರ ಹಿಪ್ಪರಗಿಗೆ ರಾಜುಗೌಡ ಪಾಟೀಲ, ವಿಜಯಪುರ ನಗರಕ್ಕೆ ಬಸನಗೌಡ ಪಾಟೀಲ ಯತ್ನಾಳ. ಮೊದಲ ಮೂವರು ಕಾಂಗ್ರೆಸ್, ನಾಲ್ಕನೆಯವರು ಜೆಡಿಎಸ್, ಐದನೆಯವರು ಬಿಜೆಪಿ. ಐದನೆಯವರನ್ನು 2025ರ ಮಾರ್ಚ್‌ನಲ್ಲಿ ಬಿಜೆಪಿ ಆರು ವರ್ಷಕ್ಕೆ ಉಚ್ಚಾಟಿಸಿತು. ಪಕ್ಷ ಹೋಯಿತು, ಪಾಟೀಲ ಎಂಬುದು ಹಾಗೇ ಉಳಿಯಿತು.

ಸೋತವರ ಪಟ್ಟಿ ಇನ್ನೂ ಬೋಧಪ್ರದ. ಅದೇ 2023ರಲ್ಲಿ ಬಬಲೇಶ್ವರದ ಎರಡನೇ ಸ್ಥಾನ ವಿಜುಗೌಡ ಪಾಟೀಲರಿಗೆ, ಇಂಡಿಯಲ್ಲಿ ಬಿ.ಡಿ. ಪಾಟೀಲರಿಗೆ, ದೇವರ ಹಿಪ್ಪರಗಿಯಲ್ಲಿ ಸೋಮನಗೌಡ ಪಾಟೀಲ ಸಾಸನೂರರಿಗೆ. ಇಂಥ ಕಡೆ ಮತದಾರನಿಗೆ ಗೊಂದಲವಾಗಬಾರದೆಂದೇ ಹೆಸರಿನ ಹಿಂದೆ ಇನಿಷಿಯಲ್, ಮುಂದೆ ಊರು: ಯತ್ನಾಳ, ಸಾಸನೂರ, ನಡಹಳ್ಳಿ. ಸ್ವೀಡನ್ನಿನ ಲಿನೇಯಸ್ ಗಿಡಮರಗಳಿಗೆಲ್ಲ ಜೋಡಿಹೆಸರು ಇಟ್ಟು ಜಗತ್ಪ್ರಸಿದ್ಧನಾದ. ಅದೇ ಕೆಲಸವನ್ನು ಸದ್ದಿಲ್ಲದೆ ಮಾಡಿದ ವಿಜಯಪುರದವರನ್ನು ಕೇಳುವವರಿಲ್ಲ.

ಇನ್ನು ಪೂರ್ವಪಕ್ಷ. ಮುದ್ದೇಬಿಹಾಳದಲ್ಲಿ 2023ರಲ್ಲಿ ಎ.ಎಸ್. ಪಾಟೀಲ ನಡಹಳ್ಳಿ ಸೋತರಲ್ಲ, ಪ್ರಮೇಯ ಬಿತ್ತಲ್ಲ ಎಂದು ಆಕ್ಷೇಪಿಸುವವರುಂಟು. ಸಮಾಧಾನ: ಗೆದ್ದವರು ಸಿ.ಎಸ್. ನಾಡಗೌಡ. ಪಾಟೀಲ ಊರಿಗೆ ಗೌಡನಾದರೆ ನಾಡಗೌಡ ಪರಗಣೆಗೆ ಗೌಡ. ಅಲ್ಲಿ ಆದದ್ದು ಅಪವಾದವಲ್ಲ, ಬಡ್ತಿ. ಸಿಂದಗಿಯ ಅಶೋಕ ಮನಗೂಳಿಯವರ ಅಡ್ಡಹೆಸರು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಊರಿನದು. ಅದು ಗಡಿ ಇಲಾಖೆಯ ವಿಷಯ, ಇಲ್ಲಿ ಬೇಡ. ನಾಗಠಾಣ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ. ಪ್ರಮೇಯ ಅದರ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಲೋಕಸಭೆಯದೂ ಇದೇ ಕತೆ. 1998ರಲ್ಲಿ ಎಂ.ಬಿ. ಪಾಟೀಲ, 1999 ಮತ್ತು 2004ರಲ್ಲಿ ಬಸನಗೌಡ ಪಾಟೀಲ ಎಂದು ಸುಸೂತ್ರವಾಗಿ ಸಾಗಿದ್ದ ಪರಂಪರೆ 2009ರಲ್ಲಿ ಕ್ಷೇತ್ರ ಮೀಸಲಾದ ಕೂಡಲೇ ನಿಂತಿತು. ಅಲ್ಲಿಂದ ನಾಲ್ಕೂ ಸಲ ರಮೇಶ ಜಿಗಜಿಣಗಿ. ಈ ಪಾಟೀಲತನ ಆಕಾಶದಿಂದ ಇಳಿದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಈ ಜಿಲ್ಲೆ ಆಗ ಸೇರಿದ್ದ ಮುಂಬೈ ರಾಜ್ಯದ 1950ರ ಕಾಯ್ದೆ ಪರಗಣೆ ವತನಗಳನ್ನೂ ಕುಲಕರ್ಣಿ ವತನಗಳನ್ನೂ ರದ್ದುಮಾಡಿತು. ಅಂದರೆ ನಾಡಗೌಡ, ದೇಸಾಯಿ ಮತ್ತು ಊರಿನ ಲೆಕ್ಕ ಬರೆಯುವ ಕುಲಕರ್ಣಿ ಮೊದಲು ಮನೆಗೆ ಹೋದರು. ಪಾಟೀಲಕಿ ಮಾತ್ರ ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯವರೆಗೆ ತಳ್ಳಿಕೊಂಡು ಬಂತು. ಮನೆತನದ ಹುದ್ದೆ ಪ್ರಜಾಪ್ರಭುತ್ವಕ್ಕೆ ಒಪ್ಪದು ಎಂದು ಅದನ್ನು ತೆಗೆದುಹಾಕಿದ್ದು ವಿಧಾನಸಭೆ. ಜನ ಆ ಹುದ್ದೆಯನ್ನು ಮಡಚಿ, ಮತಪೆಟ್ಟಿಗೆಯಲ್ಲಿ ಹಾಕಿ, ಅದೇ ವಿಧಾನಸಭೆಗೆ ವಾಪಸು ಕಳಿಸಿದರು.

ಇಷ್ಟು ಬರೆದುಕೊಂಡು ಸಂಶೋಧಕರು ಹಿಗ್ಗಿನಲ್ಲಿದ್ದಾಗ ಕಟ್ಟೆಯ ಇನ್ನೊಂದು ತುದಿಯಲ್ಲಿ ಒಣದ್ರಾಕ್ಷಿ ಆರಿಸುತ್ತ ಕೂತಿದ್ದ ತೋಟದವರೊಬ್ಬರು ತಕರಾರು ತೆಗೆದರು. ಕೈ ನಿಲ್ಲಿಸಲೇ ಇಲ್ಲ. ಹಸಿರು ಕಾಳು ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ, ತೊಟ್ಟು ಮುರಿದು ನೆಲಕ್ಕೆ.

“ಇಬ್ರೂ ಪಾಟೀಲ್ರ ನಿಂತ್ರ ಅಡ್ಡೆಸರು ನೋಡಿ ಹ್ಯಾಂಗ ಹಾಕೂದ್ರೀ? ನಾವು ನೀರು ನೋಡತೀವಿ.”

ತಕರಾರಿನಲ್ಲಿ ತಥ್ಯವಿತ್ತು. ತಕ್ಕಡಿಯ ಎರಡೂ ಕಡೆ ಪಾಟೀಲರು ಕೂತಾಗ ಪಾಟೀಲತನದ ತೂಕ ವಜಾ ಆಗುತ್ತದೆ. ಈ ಕಟ್ಟೆ ಸೇರುವ ಬಬಲೇಶ್ವರದಲ್ಲಿ ಎಂ.ಬಿ. ಪಾಟೀಲ ಮತ್ತು ವಿಜುಗೌಡ ಪಾಟೀಲ 2013, 2018, 2023 ಮೂರೂ ಸಲ ಎದುರುಬದುರು. ವಿಜುಗೌಡರು ಮೊದಲ ಸಲ ಜೆಡಿಎಸ್, ಆಮೇಲೆ ಬಿಜೆಪಿ. ಎಂ.ಬಿ. ಪಾಟೀಲರ ಅಂತರ 2013ರಲ್ಲಿ ಬರೀ 4,355. ಆ ಮೇಲಿನ ಐದು ವರ್ಷ ಅವರು ಜಲಸಂಪನ್ಮೂಲ ಸಚಿವರು. ಜಮಖಂಡಿ ಸೀಮೆಯ ತುಬಚಿಯ ಕಡೆಯಿಂದ ಕೃಷ್ಣೆಯನ್ನು ಈ ಒಣ ದಿಬ್ಬಗಳಿಗೆ ಎತ್ತುವ ತುಬಚಿ-ಬಬಲೇಶ್ವರ ಏತ ನೀರಾವರಿ ಕೈಗೆ ಬಂತು. 2018ರಲ್ಲಿ ಅಂತರ 29,715. ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳೂ ನಮಗೂ ಅಷ್ಟು ನೀರು ಕೊಡಿ ಎಂದು ಕೇಳುತ್ತ ಬಂದಿವೆ. ಅವರಿಗೆ ಇಲ್ಲಿ ಓಟು ಹಾಕುವ ಹಕ್ಕಿಲ್ಲ.

ಹಾಗಾದರೆ ನೀರೇ ಮೂಲಸೂತ್ರವೇ? ಸಂಶೋಧಕರು ಶೀರ್ಷಿಕೆ ಬದಲಿಸಲು ಪೆನ್ನು ತೆಗೆಯುವಷ್ಟರಲ್ಲಿ 2023ರ ಲೆಕ್ಕ ಅಡ್ಡ ಬಂತು: ಅಂತರ ಹೆಚ್ಚುಕಡಿಮೆ ಅರ್ಧಕ್ಕಿಳಿದು 15,216. ನೀರು ಬಂದ ಮೇಲೂ ಓಟು ಕಡಿಮೆಯಾದ ಈ ವಿಚಿತ್ರಕ್ಕೆ ತೋಟದವರ ಬಳಿ ಉತ್ತರ ತಯಾರಿತ್ತು.

“ಬಂದ ನೀರಿಗೆ ಎಷ್ಟ ಸಲ ಓಟು ಹಾಕೂದ್ರೀ? ಈಗ ದ್ರಾಕ್ಷಿ ರೇಟು ಕೇಳತೀವಿ, ತ್ರೀಫೇಸ್ ಕರೆಂಟು ಕೇಳತೀವಿ.”

ಇದನ್ನೂ ಸಂಶೋಧಕರು ಅಕ್ಷರಶಃ ಬರೆದುಕೊಂಡರು. ಅಷ್ಟರಲ್ಲಿ ಚಹಾ ಲೋಟ ಕೆಳಗಿಟ್ಟು ಅಜ್ಜ ಕೇಳಿದರು:

“ಹೊತ್ತು ಹುಟ್ಟಿದಾಗಿಂದ ಬರೀತ ಕುಂತೀರಿ. ನಿಮ್ಮ ಅಡ್ಡೆಸರೇನ್ರೀ?”

“ಕುಲಕರ್ಣಿ.”

“ಹಂಗಾರ ಬರೀರಿ, ಬರೀರಿ,” ಅಂದರು ಅಜ್ಜ. “ಲೆಕ್ಕ ಒಂದೀಟು ಸರಿಯಾಗಿ ಬರೀರಿ ಮತ್ತ.”