ತಿಟ್ಟಿಗೆ ಹೊಂಟ ಲೆನ್ಸು

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುವಿನ ಪುಟ್ಟ ನಡುಗಡ್ಡೆಗಳ ಗುಂಪು ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜೌಗು ನೆಲೆಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ತಿಟ್ಟಿನ ಮೇಲೆ ಹಕ್ಕು ಹಕ್ಕಿಗೆ ಮತ್ತು ಮೊಸಳೆಗೆ. ಪ್ರವಾಸಿಗೆ ದೋಣಿಯೇ ಗತಿ. ಅಲ್ಲಿಗೆ ವಲಸೆ ಬರುವ ಜೀವಿಗಳಲ್ಲಿ ಕಲಬುರಗಿ ಸೀಮೆಯ ಛಾಯಾಗ್ರಾಹಕನೂ ಒಬ್ಬ. ತೊಗರಿಗೆ ದರ ಬಂದ ವರ್ಷ ಇವನ ಲೆನ್ಸು ಉದ್ದವಾಗುತ್ತದೆ. ದೋಣಿಯಲ್ಲಿ ಅಂಥ ಇಬ್ಬರು.

ಆಳಂದದವರು: ಏ ತಮ್ಮಾ, ಆ ಕೊಕ್ಕರಿಗಿ ಸ್ವಲ್ಪ ಈ ಕಡಿ ಮಾರಿ ಮಾಡ್ಲಕ್ಕ ಹೇಳು.

ದೋಣಿಯವ: ಅದು ಬಾಯ್ಕಳಕ ಸಾ. ಬಸವನಹುಳ ತಿನ್ತಾ ಕುಂತದೆ, ನನ್ನ ಮಾತು ಕೇಳಕಿಲ್ಲ.

ಜೇವರ್ಗಿಯವರು: ಬಾಯಿ ಪೂರಾ ಮುಚ್ಚವಲ್ದಲ್ಲ ಕಾಕಾ, ನಡುವ ಸಂದಿ ಕಾಣಕತ್ತದ. ಕ್ಯಾಮರಾ ಕೆಟ್ಟದೋ, ಕೊಕ್ಕು ಕೆಟ್ಟದೋ?

ದೋಣಿಯವ: ಬೆಳೆದ ಮೇಲೆ ಅದರ ಕೊಕ್ಕೇ ಹಂಗೆ ಸಾ.

ಆಳಂದದವರು: ಆ ಕಲ್ಲ ಮ್ಯಾಲ ಇಳಸು, ಹತ್ರದಿಂದ ಹೊಡಿತೀನಿ.

ದೋಣಿಯವ: ಇಳಿಯಂಗಿಲ್ಲ ಸಾ. ಮೊಸಳೆ ಬಾಯ್ಬಿಟ್ಕಂಡು ಮಲಗದೆ.

ಆಳಂದದವರು: ಮಲ್ಕೊಂಡದಲ್ಲ, ಮತ್ತೇನು?

ಮೊಸಳೆ ಬಾಯಿ ತೆರೆಯುವುದು ಮುಖ್ಯವಾಗಿ ಮೈಯ ಕಾವು ತಗ್ಗಿಸಿಕೊಳ್ಳಲು, ನಿದ್ದೆಯ ಅಮಲಿಗಲ್ಲ. ಛಾಯಾಗ್ರಾಹಕನ ಬಾಯಿಗೆ ಇಂಥ ಕಾರಣ ಪತ್ತೆಯಾಗಿಲ್ಲ.

ಜೇವರ್ಗಿಯವರು: ಅಲ್ಲ ಕಾಕಾ, ಕೊಕ್ಕರಿ ನಮ್ಮ ಭೀಮಾ ದಂಡಿಗೂ ಅದಾವ. ಅಫಜಲಪುರ ಕಡಿ ಸೊನ್ನ ಬ್ಯಾರೇಜಿಗಿ ಹೋಗಿದ್ರ ಸಾಕಿತ್ತು.

ಆಳಂದದವರು: ಅಲ್ಲಿ ಟಿಕೀಟಿಲ್ಲಪಾ. ಪುಕಟ್ ಹಕ್ಕಿಗಿ ಲೈಕ್ ಯಾರು ಒತ್ತತಾರ?