ಗುಡ್ಡಾಪುರದಲ್ಲಿ ಇನ್ನೂ 1971

ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ದಪ್ಪ ದಪ್ಪ ಕಾದಂಬರಿ ಬರೆಯುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಹಿಟ್ಲರ್ ಗೆದ್ದಿದ್ದರೆ, ಲಿಂಕನ್‌ಗೆ ಗುಂಡು ತಗುಲದೆ ಹೋಗಿದ್ದರೆ, ಅಮೆರಿಕದ ಅಧ್ಯಕ್ಷಗಿರಿ ಇನ್ನೊಬ್ಬನ ಪಾಲಾಗಿದ್ದರೆ. ಅವರಿಗೆ ಇದಕ್ಕೆ ಸಂಭಾವನೆಯೂ ಸಿಗುತ್ತದೆ. ಗುಡ್ಡಾಪುರದವರು ಇದೇ ಕೆಲಸವನ್ನು ರಾಜ್ಯಗಳ ಪುನರ್ವಿಂಗಡಣೆಯಾದ 1956ರಿಂದ ಪುಕ್ಕಟೆ ಮಾಡುತ್ತಿದ್ದಾರೆ.

ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ ಜತ್ತ ತಾಲ್ಲೂಕಿನದು. ದೇವತೆ ಹನ್ನೆರಡನೆಯ ಶತಮಾನದ ಶರಣೆ ದಾನಮ್ಮ. ಛಟ್ಟಿ ಅಮವಾಸ್ಯೆಗೆ ನಡೆದುಕೊಂಡು ಬರುವ ಭಕ್ತರು ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು. ಹೊಲದ ಪಹಣಿ, ಅಂದರೆ ಸಾತಬಾರಾ, ಮಾತ್ರ ಮರಾಠಿಯದು. ಗುಡಿಯ ಸುತ್ತಲಿನ ಚಾದಂಗಡಿಯಲ್ಲಿ ಮಾತು ಎಲ್ಲಿಂದ ಹೊರಟರೂ ‘ಮಹಾಜನ್ ವರದಿ ಜಾರಿ ಆಗಿದ್ರ’ ಎಂಬಲ್ಲಿಗೇ ಬಂದು ಕೂರುತ್ತದೆ. ಗಡಿ ಆಯೋಗದ 1967ರ ಆ ವರದಿ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ 247 ಊರುಗಳನ್ನು ಮೈಸೂರು ರಾಜ್ಯಕ್ಕೂ, ನಿಪ್ಪಾಣಿ, ಖಾನಾಪುರದ ಕಡೆಯ 264 ಊರುಗಳನ್ನು ಮಹಾರಾಷ್ಟ್ರಕ್ಕೂ ಕೊಡಿ ಎಂದಿತ್ತು. ಆಯೋಗ ಬೇಕೆಂದು ಹಟ ಹಿಡಿದಿದ್ದ ಮಹಾರಾಷ್ಟ್ರವೇ ವರದಿ ಬಂದಮೇಲೆ ಒಲ್ಲೆ ಎಂದಿತು. ಅಂದಿನಿಂದ ಗಡಿಯವರಿಗೆ ಎರಡು ಊರು: ಒಂದು ಇರುವುದು, ಇನ್ನೊಂದು ಆಗಬೇಕಿದ್ದದ್ದು.

ಆದರೆ ಈ ಕಸುಬು ಗಡಿಯವರೊಬ್ಬರದೇ ಅಲ್ಲ. ಭಾರತ ಸರ್ಕಾರವೂ ಐದು ವರ್ಷಕ್ಕೊಮ್ಮೆ ಇಡೀ ದೇಶವನ್ನು ಒಂದು ಕಾಲ್ಪನಿಕ ಇತಿಹಾಸದೊಳಗೆ ಕರೆದೊಯ್ದು ಅಲ್ಲಿ ಚುನಾವಣೆ ನಡೆಸುತ್ತದೆ. ಅದರ ಹೆಸರು ರಾಷ್ಟ್ರಪತಿ ಚುನಾವಣೆ. ಅಲ್ಲಿ ಇಸವಿ ಯಾವಾಗಲೂ 1971.

ಲೆಕ್ಕ ಹೀಗೆ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಸ್ಥಾನಗಳಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತದ ಮೌಲ್ಯ ಸಿಗುತ್ತದೆ. ಜನಸಂಖ್ಯೆ ಯಾವ ಸಾಲಿನದು? 1971ರದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ಗಡಿಯಾರ ನಿಲ್ಲಿಸಿತು. 2001ರ 84ನೇ ತಿದ್ದುಪಡಿ, 2026ರ ನಂತರದ ಮೊದಲ ಜನಗಣತಿಯ ಅಂಕಿ ಬರುವವರೆಗೆ ಅದನ್ನು ಮುಟ್ಟಬೇಡಿ ಎಂದಿತು. ಮಕ್ಕಳನ್ನು ಮಿತವಾಗಿ ಹೆತ್ತ ರಾಜ್ಯಗಳಿಗೆ ಶಿಕ್ಷೆಯಾಗಬಾರದು ಎಂಬುದು ಕಾರಣ. ಕಾರಣ ಸರಿಯೇ ಇದೆ. ಫಲಿತಾಂಶವನ್ನು ಮಾತ್ರ ಗುಡ್ಡಾಪುರಕ್ಕೆ ಬಂದು ವಿವರಿಸುವ ಧೈರ್ಯ ಯಾರಿಗೂ ಇಲ್ಲ. 1971ರಲ್ಲಿ ಎಣಿಕೆಗೆ ಸಿಕ್ಕು, ಮರುವರ್ಷದ ಬರದಲ್ಲಿ ಊರುಬಿಟ್ಟು, ಆಮೇಲೆ ಎಲ್ಲೋ ತೀರಿಕೊಂಡ ಅಜ್ಜ ಇವತ್ತಿಗೂ ರಾಷ್ಟ್ರಪತಿಯನ್ನು ಆರಿಸುವುದರಲ್ಲಿ ತನ್ನ ಪಾಲು ಸಲ್ಲಿಸುತ್ತಿದ್ದಾನೆ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಅವನ ಮೊಮ್ಮಗಳು ಆ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ.

ಹೀಗೆ ಭಾಗಿಸಿದಾಗ ಮಹಾರಾಷ್ಟ್ರದ ಶಾಸಕನ ಮತಕ್ಕೆ 175, ಕರ್ನಾಟಕದವನಿಗೆ 131, ಉತ್ತರ ಪ್ರದೇಶದವನಿಗೆ 208, ಸಿಕ್ಕಿಂನವನಿಗೆ 7. ಚಾದಂಗಡಿಯ ಮುಂದೆ ಇದನ್ನು ಹೇಳಿದರೆ ಅಂಗಡಿಯ ಕಾಕಾನಿಂದ ಎದ್ದು ಬರುವ ಪ್ರಶ್ನೆ ಇಂಥದು:

“ಅಲ್ರೀ ಸರ, ಮಹಾಜನ್ ವರದಿ ಜಾರಿ ಆಗಿದ್ರ ನಮ್ಮ ಆಮದಾರರು ನೂರಾ ಎಪ್ಪತ್ತೈದರಿಂದ ನೂರಾ ಮೂವತ್ತೊಂದಕ್ಕ ಇಳೀತಿದ್ರು ಅಂದಂಗಾತು?”

“ಹೌದ್ರೀ ಕಾಕಾ, ಹೆಚ್ಚೂಕಡಿಮಿ ಹಂಗ.”

“ಮತ್ತ ನಿಪ್ಪಾಣಿಯವರು?”

“ಅವರು ಏರತಿದ್ರು.”

“ಅದಕ್ಕ ನೋಡ್ರಿ, ಆ ವರದಿ ಜಾರಿ ಆಗಲಿಲ್ಲ.”

ಕಾಕಾನ ತರ್ಕ ಇತಿಹಾಸಕಾರರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಆದರೆ ಅವನು ಒಂದು ಸತ್ಯವನ್ನು ತುಳಿದುಕೊಂಡು ಹೋದ. ಸೂತ್ರವನ್ನು ಬಿಡಿಸಿ ನೋಡಿ: ಗಡಿಯ ಈಚೆ ಇರಲಿ ಆಚೆ ಇರಲಿ, ಮನುಷ್ಯನ ಬೆಲೆ ಒಂದೇ, ಸಾವಿರ ಜನಕ್ಕೆ ಒಂದು ಮತ. ಜಾತ್ರೆಗೆ ಲಕ್ಷ ಜನ ಸೇರಿದರು ಅನ್ನಿ. ಎರಡೂ ರಾಜ್ಯದ ಅಷ್ಟೂ ಭಕ್ತರು ಕೂಡಿ ರಾಷ್ಟ್ರಪತಿ ಭವನದ ಮಟ್ಟಿಗೆ ಶಾಸಕರ ಲೆಕ್ಕದಲ್ಲಿ ನೂರು ಮತ. ಗಡಿರೇಖೆ ಆಚೀಚೆ ಸರಿದರೆ ಬದಲಾಗುವುದು ಆಮದಾರನ ತೂಕವೊಂದೇ. ಎಪ್ಪತ್ತು ವರ್ಷಗಳ ಗಡಿ ಚಳವಳಿ, ಲಾಠಿ, ಬಂದ್, ಬಸ್ಸಿಗೆ ಮಸಿ, ಸುಪ್ರೀಂ ಕೋರ್ಟಿನ ದಾವೆ, ಇಷ್ಟೆಲ್ಲದರ ಒಳಗೆ ಗಣಿತ ಹುಡುಕಿದರೆ ಕೈಗೆ ಸಿಗುವುದು ಒಬ್ಬ ಶಾಸಕನ ಮೇಲಿನ 44 ಅಂಕದ ವ್ಯತ್ಯಾಸ. 2011ರ ಜನಗಣತಿ ಹಿಡಿದು ಮಾಡಿದರೆ ಮಹಾರಾಷ್ಟ್ರದ್ದು 390, ಕರ್ನಾಟಕದ್ದು 273 ಆಗುತ್ತದೆ. ವ್ಯತ್ಯಾಸ ಇನ್ನಷ್ಟು ದಪ್ಪ. ನಾಯಕರಿಗೆ ಈ ಸುದ್ದಿ ಮುಟ್ಟಿಸಬೇಡಿ, ಚಳವಳಿ ಜೋರಾದೀತು.

ರಾಷ್ಟ್ರಪತಿ ಚುನಾವಣೆಯಲ್ಲಿ ‘ಹಾಗಾಗಿದ್ದರೆ’ ಎಂಬುದಕ್ಕೆ ನಮ್ಮ ಕಡೆಯವರ ಕಾಣಿಕೆಯೂ ಸಣ್ಣದಲ್ಲ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರಾಷ್ಟ್ರಪತಿ ಅಭ್ಯರ್ಥಿಯಾಗಿ ಇಂದಿರಾ ಗಾಂಧಿಗೆ ಜಗಜೀವನ್ ರಾಮ್ ಬೇಕು, ಹಿರಿಯರಿಗೆ ನೀಲಂ ಸಂಜೀವ ರೆಡ್ಡಿ. ಹಿರಿಯರ ಕಡೆ ಕೈ ಎತ್ತಿದವರಲ್ಲಿ ಯಶವಂತರಾವ್ ಚವಾಣರೂ ಒಬ್ಬರು; ಹುಟ್ಟಿದ್ದು ಇಂದಿನ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ. ಗಾಜಿನ ಮನೆಯಲ್ಲಿ ಕೂತವರು ಕಲ್ಲು ಎಸೆದುಕೊಂಡರು. ಇಂದಿರಾ ‘ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ’ ಎಂದರು. ಶಾಸಕರಿಗೂ ಅದಿದೆ ಎಂಬ ಸುದ್ದಿ ದೇಶಕ್ಕೆ ತಿಳಿದದ್ದು ಆಗಲೇ. ಎರಡನೆಯ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ಪಕ್ಷೇತರ ವಿ.ವಿ. ಗಿರಿ 4,20,077, ರೆಡ್ಡಿ 4,05,427. ಪಕ್ಷ ಒಡೆಯಿತು. ಎಂಟು ವರ್ಷ ಕಳೆದ ಮೇಲೆ, 1977ರಲ್ಲಿ, ಅದೇ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ನಾಮಪತ್ರ ಹಾಕಿದ್ದವರು 37 ಮಂದಿ, ತಿರಸ್ಕೃತವಾದದ್ದು 36. ಸೋತ ಇತಿಹಾಸ ತಡವಾಗಿ ಬಂದು, ಎದುರಾಳಿಗಳನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ, ಕುರ್ಚಿ ಹತ್ತಿತು.

ಆ ಕುರ್ಚಿಯನ್ನು ಅಲ್ಲಿಯವರೆಗೆ ಕಾದವರು ಜಮಖಂಡಿ ತಾಲ್ಲೂಕು ಸಾವಳಗಿಯ ಬಿ.ಡಿ. ಜತ್ತಿ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡ 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಉಪರಾಷ್ಟ್ರಪತಿ ಜತ್ತಿಯವರೇ ಹಂಗಾಮಿ ರಾಷ್ಟ್ರಪತಿ. ಕನ್ನಡಿಗನೊಬ್ಬ ಅಲ್ಲಿ ಕೂತದ್ದು ಆ ಒಂದು ಸಲ, ಅದೂ ಚುನಾವಣೆ ಇಲ್ಲದೆ. ಒಂಬತ್ತು ವಿಧಾನಸಭೆ ವಿಸರ್ಜಿಸುವ ಕಾಗದಕ್ಕೆ ಸಹಿ ಹಾಕಲು ಒಂದು ದಿನ ಹಿಂದೆಮುಂದೆ ನೋಡಿದ್ದಕ್ಕೆ ದಿಲ್ಲಿ ಗದ್ದಲವೆಬ್ಬಿಸಿತು. ಏಪ್ರಿಲ್ 30ಕ್ಕೆ ಸಹಿ ಬಿತ್ತು. ರಬ್ಬರ್ ಮುದ್ರೆಯೂ ಒಂದು ರಾತ್ರಿ ಯೋಚಿಸಬಹುದು ಎಂದು ತೋರಿಸಿಕೊಟ್ಟವರನ್ನು ಪೂರ್ತಿ ಐದು ವರ್ಷಕ್ಕೆ ಯಾವ ಪಕ್ಷ ಆರಿಸೀತು?

ಇನ್ನು ಮೊನ್ನೆ ಮೊನ್ನೆಯದು. 2022ರ ಜುಲೈ 18ರಂದು ದ್ರೌಪದಿ ಮುರ್ಮು ಮತ್ತು ಯಶವಂತ ಸಿನ್ಹಾ ನಡುವೆ ಮತದಾನ. ಜತ್ತದ ಪಾಲಿಗೆ ಅದೇ 175. ನಾಲ್ಕು ತಿಂಗಳಾದ ಮೇಲೆ, ನವೆಂಬರಿನಲ್ಲಿ, ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರಿಗೆ ಇದ್ದಕ್ಕಿದ್ದಂತೆ ಜತ್ತ ನೆನಪಾಯಿತು. ನೀರಿಲ್ಲದ್ದಕ್ಕೆ ಅಲ್ಲಿನ 40 ಊರುಗಳು ಕರ್ನಾಟಕ ಸೇರುತ್ತೇವೆಂದು ಹಿಂದೆ ಠರಾವು ಮಾಡಿದ್ದವಲ್ಲ, ಅದನ್ನು ಗಂಭೀರವಾಗಿ ಪರಿಶೀಲಿಸುತ್ತೇವೆ ಎಂದರು. ಒಂದೂ ಊರು ಹೋಗುವುದಿಲ್ಲ ಎಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಗುಡುಗಿದರು. ಠರಾವು 2012ರದು. ಹತ್ತು ವರ್ಷ ಅದನ್ನು ಓದದವರೆಲ್ಲ ಒಂದೇ ವಾರದಲ್ಲಿ ಓದಿ ಮುಗಿಸಿದರು. ಮ್ಹೈಸಾಳ ಏತ ನೀರಾವರಿಗೆ ಮುಂಬಯಿಯಿಂದ ಭರವಸೆ ಹರಿಯಿತು, ಡಿಸೆಂಬರಿನಲ್ಲಿ ಎರಡೂ ವಿಧಾನಮಂಡಲಗಳು ಒಂದರ ಮೇಲೊಂದು ನಿರ್ಣಯ ಮಾಡಿದವು, 865 ಊರು ನಮ್ಮವೇ ಎಂದು ಮಹಾರಾಷ್ಟ್ರ ಹೇಳಿತು. ಗುಡ್ಡಾಪುರದ ಕಡೆಯವರು ಇದರಿಂದ ಕಲಿತದ್ದು ಇಷ್ಟು: ನೀರು ಕೊಡಿ ಎಂದು ಅರ್ಜಿ ಬರೆದರೆ ಕಡತ ಏಳುವುದಿಲ್ಲ, ನಾವು ಹೊರಟೆವು ಎಂದು ಬರೆದರೆ ಎರಡು ಸರ್ಕಾರ ಎದ್ದು ಕೂರುತ್ತವೆ.

ಮುಂದಿನ ರಾಷ್ಟ್ರಪತಿ ಚುನಾವಣೆ 2027ರ ಜುಲೈಗೆ. ಜನಗಣತಿಯ ಮುಖ್ಯ ಎಣಿಕೆ ಅದೇ ವರ್ಷದ ಮಾರ್ಚ್‌ ಹೊತ್ತಿಗೆ ಎಂದು ಕೇಂದ್ರ ಹೇಳಿದೆ. ನಡುವಿನ ನಾಲ್ಕು ತಿಂಗಳಲ್ಲಿ ಅಂಕಿ ಪ್ರಕಟವಾಗದಿದ್ದರೆ ಗುಡ್ಡಾಪುರ ಮತ್ತೊಮ್ಮೆ 1971ರಲ್ಲೇ ನಿಂತು ರಾಷ್ಟ್ರಪತಿಯನ್ನು ಆರಿಸುತ್ತದೆ. ಕಾಕಾನಿಗೆ ಇದನ್ನು ಹೇಳಿದಾಗ ಅವನು ಚಾ ಸೋಸುವುದನ್ನು ನಿಲ್ಲಿಸಲಿಲ್ಲ.

“ಎಣಸಾಕ ಬರಲಿ ಬಿಡ್ರಿ, ಬ್ಯಾಡ ಅನ್ನೂದಿಲ್ಲ. ಬರೂಮುಂದ ಟ್ಯಾಂಕರ್‌ನಾಗ ಕುಂತ ಬರಾಕ ಹೇಳ್ರಿ. ಮಂದಿ ಎಲ್ಲಾ ಒಂದ ಕಡೆ ಸಿಕ್ಕತಾರ.”