ಗೊಲ್ಯಾತ ದುಂಬಿ ಮತ್ತು ಕಾಕಾನ ಟೋಪಿ

ಪುಣೆಯಿಂದ ರಜೆಗೆ ಬಂದಿದ್ದ ನನ್ನ ಮಗ, ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಕಾಕಾನ ಮುಂದೆ ಮೊಬೈಲು ಹಿಡಿದ. ಯಾರದೋ ಅಂಗೈ ತುಂಬ ಬೆಳ್ಳಗೆ, ದಪ್ಪಗೆ, ಕುಡಗೋಲಿನ ಹಾಗೆ ಬಾಗಿ ಮಲಗಿದ್ದ ಹುಳ. ಕಾಕಾ ಕನ್ನಡಕ ಏರಿಸಿ ನೋಡಿದವನೇ, "ಹುಮಣಿ!" ಎಂದು ಚೀರಿ ಎರಡೂ ಕಾಲು ಕಟ್ಟೆಯ ಮೇಲೆತ್ತಿಕೊಂಡ.

ಚಿಕ್ಕೋಡಿ, ರಾಯಬಾಗ ಕಡೆಯ ಕಬ್ಬಿನ ರೈತನ ಮುಂದೆ ಬೆಳಗಿನ ಹೊತ್ತು ಆಡುವ ಮಾತಲ್ಲ ಅದು. ಪುಸ್ತಕದವರು ಗೊಣ್ಣೆ ಹುಳು ಅನ್ನುತ್ತಾರೆ. ಗಡಿ ಊರಿನ ನಾವು ಮರಾಠಿಯ ಹುಮಣಿಯನ್ನೇ ಒಳಗೆ ಕರೆದುಕೊಂಡಿದ್ದೇವೆ. ಅದು ನೆಲದೊಳಗೆ ಕೂತು ಬೇರು ತಿನ್ನುತ್ತದೆ. ಮೇಲೆ ಕಬ್ಬು ಹಳದಿಯಾಗಿ, ಜಗ್ಗಿದರೆ ಇಡೀ ಗಡ್ಡೆ ಕೈಗೇ ಬರುತ್ತದೆ. ಒಂದು ವರ್ಷ ಕಾಕಾನ 20 ಗುಂಟೆ ಹೀಗೇ ಕೈಗೆ ಬಂದಿತ್ತು.

"ಇದು ಹುಮಣಿ ಅಲ್ಲಜ್ಜಾ, ಆಫ್ರಿಕಾದ ಗೊಲ್ಯಾತ ದುಂಬಿ ಮರಿ. ಬೆಳದ್ರ 100 ಗ್ರಾಂ ತೂಗತೈತಿ."

ಎರಡು ಕೋಳಿಮೊಟ್ಟೆಯ ತೂಕ! ಕಾಕಾ ಮನಸ್ಸಿನಲ್ಲೇ ತನ್ನ ಕಬ್ಬಿನ ಬೇರಿಗೆ ಅದನ್ನು ಕಟ್ಟಿ ನೋಡಿರಬೇಕು, ಮುಖ ಬೆವರಿತು. "ಎಣ್ಣಿ ಏನ್ ಹೊಡೀತಾರ ಅದಕ್ಕ?"

"ಎಣ್ಣಿ ಯಾಕ? ಜನ ರೊಕ್ಕ ಕೊಟ್ಟ ತಂದ ಸಾಕ್ತಾರ. ನಾಯಿ ಬೆಕ್ಕಿಗೆ ಹಾಕೂ ಕಾಳು ತಿನ್ನಸ್ತಾರ."

ಕಾಕಾ ಚಹಾದ ಬಸಿ ಕೆಳಗಿಟ್ಟ.

ನಮ್ಮ ಹುಮಣಿಗೆ ನಾವು ಮಾಡಿದ ಉಪಚಾರ ಬೇರೆ. ರೋಹಿಣಿ ಮಳೆ ಬಿದ್ದ ಸಂಜೆ ಮಣ್ಣಿನಿಂದ ಅದರ ಕಂದು ದುಂಬಿಗಳು ಎದ್ದು ಬೇವು, ಜಾಲಿ ಗಿಡಕ್ಕೆ ಮುತ್ತುತ್ತಿದ್ದವು. ಹುಡುಗರನ್ನೆಲ್ಲ ಕಂದೀಲು ಕೊಟ್ಟು ಓಡಿಸುತ್ತಿದ್ದ ಕಾಕಾ. ಟೊಂಗೆ ಅಲ್ಲಾಡಿಸಿದರೆ ದಪದಪ ಉದುರಿ ಸತ್ತಂತೆ ಬೀಳುತ್ತಿದ್ದವು. ಆರಿಸಿ ಸೀಮೆಎಣ್ಣೆ ನೀರಿನ ಬಕೀಟಿಗೆ. ಒಂದು ತಂಬಿಗೆಗೆ ಎಂಟಾಣೆ. ನಾನು ತಂಬಿಗೆಯ ತಳಕ್ಕೆ ಬೇವಿನೆಲೆ ತುಂಬುತ್ತಿದ್ದೆ ಎಂಬುದು ಕಾಕಾನಿಗೆ ಇವತ್ತಿಗೂ ಗೊತ್ತಿಲ್ಲ.

ಮಗ ಬಿಡಲಿಲ್ಲ. ಗೊಲ್ಯಾತ ಬೆಳೆದರೆ 11 ಸೆಂಟಿಮೀಟರು, ಅರ್ಧ ಗೇಣು. ಗಂಡಿನ ತಲೆಗೆ ಕವಲೊಡೆದ ಕೋಡು. ಬೆನ್ನ ಮೇಲಿನ ಗಟ್ಟಿ ರೆಕ್ಕೆ ಬಿಚ್ಚದೆ, ಪಕ್ಕದ ಸಂದಿನಿಂದ ಒಳರೆಕ್ಕೆ ಚಾಚಿ ಹಾರುತ್ತದೆ, ಬಾಗಿಲು ಮುಚ್ಚಿಕೊಂಡೇ ಕಿಡಕಿಯಿಂದ ಕೈ ಹೊರಗೆ ಹಾಕಿದ ಹಾಗೆ. ಮರದ ರಸ, ಕಳಿತ ಹಣ್ಣು ಅದರ ಊಟ. ಮರಿಯಾಗಿದ್ದಾಗಿನ ತೂಕ ರೆಕ್ಕೆ ಬಂದ ಮೇಲೆ ಇಳಿಯುತ್ತದಂತೆ.

"ರೆಕ್ಕಿ ಬಂದ ಮ್ಯಾಲ ಇಳೀತೈತಿ?" ಕಾಕಾನಿಗೆ ಮೊದಲ ಸಲ ಅದರ ಮೇಲೆ ಗೌರವ ಹುಟ್ಟಿತು. "ನಮ್ಮ ಮೆಂಬರ್‌ಗೋಳು ಆರಿಸಿ ಬಂದ ಮ್ಯಾಲ ಏರ್ತಾರಲ್ಲೋ!"

ಆಮೇಲೆ ಶೆಗಣಿ ಹುಳದ ಸುದ್ದಿ ಬಂತು. ಆಫ್ರಿಕಾದ ಒಂದು ಜಾತಿ ರಾತ್ರಿ ಶೆಗಣಿ ಉಂಡೆಯನ್ನು ನೆಟ್ಟಗೆ ಉರುಳಿಸಲು ಆಕಾಶಗಂಗೆಯ ಬೆಳಕು ನೋಡುತ್ತದೆ. ವಿಜ್ಞಾನಿಗಳು ಅದರ ತಲೆಗೆ ಪುಟ್ಟ ಟೋಪಿ ಹಾಕಿ ಆಕಾಶ ಮುಚ್ಚಿದರೆ ಪಾಪ, ಸುತ್ತಿ ಸುತ್ತಿ ದಾರಿ ತಪ್ಪಿತು. ಜನರನ್ನು ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆಂದೇ ಇರುವ ಇಗ್ನೊಬೆಲ್ ಬಹುಮಾನ 2013ರಲ್ಲಿ ಇದಕ್ಕೆ ಸಿಕ್ಕಿತು.

"ಹುಳಕ್ಕ ಟೋಪಿ?" ಕಾಕಾ ತನ್ನ ಗಾಂಧಿ ಟೋಪಿಯನ್ನು ತಡವಿಕೊಂಡ. "ಓದಿದವ್ರಿಗೆ ಬ್ಯಾರೆ ಕೆಲಸ ಇಲ್ಲೇನೋ ತಮ್ಮಾ?"

ಅವತ್ತು ಮೋಟಾರಿನ ಕರೆಂಟು ಬಂದದ್ದು ರಾತ್ರಿ 2 ಗಂಟೆಗೆ. ಕಾಕಾ ನೀರು ಹಾಯಿಸಲು ಹೋದ. ಬ್ಯಾಟರಿ ಸೆಲ್ಲು ಮುಗಿದು, ಕಬ್ಬಿನೊಳಗೆ ಬದು ತಪ್ಪಿ, ಬೆಳಗಿನ ಜಾವ ಮೊಣಕಾಲ ತನಕ ರಾಡಿಯಾಗಿ ಬಂದು ನಿಂತ.

ಕಾಕು ಬಾಗಿಲಲ್ಲೇ ಅವನನ್ನು ಕಾಲಿನಿಂದ ತಲೆಯ ತನಕ ನೋಡಿದಳು. ನೋಟ ಟೋಪಿಯ ಮೇಲೆ ನಿಂತಿತು.

"ಅದನ್ನ ತಗದ ಮ್ಯಾಲ ನೋಡಬೇಕಿಲ್ಲೇನ್ರಿ?"